ತೋಟಕ್ಕೆ ಬರುವ ಕಲಾವಿದರೇ, ಮೊದಲು ತಿಂಗಳು ನೋಡಿ

ನಮ್ಮ ತೋಟದ ಮನೆಯಲ್ಲಿ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ ಎಂದು ನಾಲ್ಕು ಜನಕ್ಕೆ ಗೊತ್ತಾದ ಮೇಲೆ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಹೆಚ್ಚಿನವರ ಪ್ರಶ್ನೆ ಒಂದೇ ತರ. "ಜೂನ್‌ನಲ್ಲಿ ಬಿಡುವಿದೆ, ಅಡಿಕೆ ಬಣ್ಣದಲ್ಲಿ ಕೆಲಸ ಮಾಡಬೇಕು ಅಂತಿದೆ, ಬರಬಹುದಾ?" ಬರಬಹುದು ಮಾರಾಯ್ರೇ, ಮನೆ ಇದೆ, ಊಟ ಇದೆ. ಆದರೆ ಜೂನ್‌ನಲ್ಲಿ ಅಡಿಕೆ ಬಣ್ಣ ಎಲ್ಲಿಂದ ತರೋದು? ಆಗ ಮರದಲ್ಲಿರುವುದು ಎಳೆ ಕಾಯಿ. ಹೊರಗೆ ಬಿಡದೆ ಸುರಿಯುವ ಮಳೆ. ಒಗೆದ ಟವೆಲ್ಲೇ ವಾರವಾದರೂ ಒಣಗುವುದಿಲ್ಲ, ಇನ್ನು ಬಣ್ಣ ಹಾಕಿದ ನೂಲು ಒಣಗುತ್ತದಾ?

ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಇದು.

ನಾವು ಸಾಗರದ ಕಡೆಯವರು, ಹೆಗ್ಗೋಡಿಗೆ ಹತ್ತಿರ. ಅಡಿಕೆ, ನಡುವೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಕೆಳಗೆ ಸ್ವಲ್ಪ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ಈ ಭಾಗದ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಮನೆಯ ಹಿಂದೆ ಉದ್ದದ ಒಂದು ಜಗಲಿ ಇದೆ, ಹಿಂದೆ ಸುಗ್ಗಿಯಲ್ಲಿ ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಿದ್ದ ಜಾಗ. ಸುಲಿಯುವ ಮಷಿನ್ ಬಂದ ಮೇಲೆ ಅದು ಖಾಲಿ ಬಿತ್ತು. ಕಲಾ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಯೊಬ್ಬಳು ನೋಡಿ, "ಇಲ್ಲಿ ನನ್ನ ಹುಡುಗರನ್ನ ಕಳಿಸ್ತೀನಿ ಕಣೇ" ಅಂದಳು. ಕಳಿಸಿದಳು. ಶುರುವಾಗಿದ್ದು ಹಾಗೆ. ಒಮ್ಮೆಗೆ ಇಬ್ಬರು, ಹೆಚ್ಚೆಂದರೆ ಮೂವರು. ಊರಿನವರಿಗೂ ಇದೇನು ವಿಚಿತ್ರ ಅನ್ನಿಸಲಿಲ್ಲ. 1949ರಲ್ಲಿ ನೀನಾಸಮ್ ಅನ್ನುವ ನಾಟಕದ ಸಂಸ್ಥೆ ಶುರುವಾದ ಊರಿನ ಸುತ್ತಮುತ್ತ ಜುಬ್ಬಾ, ಜೋಳಿಗೆ, ಗಡ್ಡ ನೋಡಿ ತಿರುಗಿ ನೋಡುವವರು ಯಾರೂ ಇಲ್ಲ.

ಬರುವವರೆಲ್ಲ ಒಂದು ಅರ್ಜಿ ಬರೆದುಕೊಂಡು ಬರುತ್ತಾರೆ. ಯಾವ ವಸ್ತುವಿನಲ್ಲಿ ಕೆಲಸ, ಏನು ಮಾಡುತ್ತೇನೆ, ಕೊನೆಗೆ ಏನು ತಯಾರಾಗುತ್ತದೆ, ಎಲ್ಲ ಮೊದಲೇ ಬರೆದಿರುತ್ತಾರೆ. ಆ ಅರ್ಜಿಯಲ್ಲಿ ಎರಡು ವಿಷಯ ಮಾತ್ರ ಯಾವಾಗಲೂ ಇರುವುದಿಲ್ಲ. ಒಂದು, ಆ ವಸ್ತು ಯಾವ ತಿಂಗಳಲ್ಲಿ ಸಿಗುತ್ತದೆ ಅನ್ನೋದು. ಇನ್ನೊಂದು, ಅದು ಯಾರ ಕೈಯಲ್ಲಿದೆ ಅನ್ನೋದು. ನಾರು, ಅಡಿಕೆ ಹಾಳೆ, ಅಡಿಕೆ ಬೇಯಿಸಿ ಬರುವ ಚೊಗರು, ಮಣ್ಣು ಇವೆಲ್ಲ ತೋಟದಲ್ಲಿ ಸುಮ್ನೆ ಬಿದ್ದಿರುತ್ತವೆ, ಬಂದು ಎತ್ತಿಕೊಂಡರೆ ಆಯ್ತು ಅನ್ನುವ ಲೆಕ್ಕ.

ಚೊಗರಿನದ್ದೇ ಹೇಳುತ್ತೇನೆ, ಜಾಸ್ತಿ ಜನ ಕೇಳುವುದು ಅದನ್ನೇ.

ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಶುರುವಾಗುವುದು ಮಳೆ ಬಿಟ್ಟ ಮೇಲೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಅನ್ನಿ, ಒಂದೊಂದು ವರ್ಷ ಇನ್ನೂ ಮುಂದಕ್ಕೆ ಹೋಗುತ್ತದೆ. ಹಸಿ ಅಡಿಕೆ ಸುಲಿದು ತಾಮ್ರದ ಹಂಡೆಯಲ್ಲಿ ಬೇಯಿಸುತ್ತೇವೆ. ಮೊದಲ ಹಂಡೆಯ ನೀರು ತೆಳು ಕೆಂಪು. ಅದನ್ನು ಚೆಲ್ಲುವುದಿಲ್ಲ. ಮರುದಿನದ ಅಡಿಕೆ ಬೇಯುವುದು ಅದೇ ನೀರಿನಲ್ಲಿ, ಅದರ ಮರುದಿನದ್ದೂ ಅದರಲ್ಲೇ. ಹೀಗೆ ಬೇಯಿಸುತ್ತಾ ಬೇಯಿಸುತ್ತಾ ನೀರು ಕಡುಗೆಂಪಾಗಿ ದಪ್ಪವಾಗುತ್ತದೆ, ಕೊನೆಗೆ ಕುದಿಸಿ ಇಳಿಸಿದರೆ ಜೋನಿಬೆಲ್ಲದ ಹದ. ಅದು ಚೊಗರು. ಬೇಯಿಸಿದ ಅಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದ. ಅಡಿಕೆ ಕೊಳ್ಳುವ ಮಂಡಿಯಲ್ಲಿ ಕೆಂಪಡಿಕೆಯನ್ನು ಅಂಗೈಯಲ್ಲಿಟ್ಟು ನೋಡುವವನು ಮೊದಲು ನೋಡುವುದೂ ಆ ಬಣ್ಣವನ್ನೇ. ಸುಗ್ಗಿ ಮುಗಿದ ಮೇಲೆ ಉಳಿದ ಚೊಗರನ್ನು ಡಬ್ಬಕ್ಕೆ ತುಂಬಿ ಇಡುತ್ತೇವೆ, ಮುಂದಿನ ವರ್ಷದ ಮೊದಲ ಹಂಡೆಗೆ ಬೇಕಲ್ಲ. ಅದನ್ನು ಕೇಳಿದರೆ ನಮ್ಮ ಅತ್ತೆ ಬಿಲ್‌ಕುಲ್ ಕೊಡುವುದಿಲ್ಲ. ನನಗೇ ಕೊಡುವುದಿಲ್ಲ, ಇನ್ನು ಬೆಂಗಳೂರಿನಿಂದ ಬಂದವರಿಗೆ ಕೊಡುತ್ತಾರಾ?

ಅಡಿಕೆಯಿಂದ ಬಟ್ಟೆಗೆ ಬಣ್ಣ ಹಾಕುವುದು ಹೊಸ ಸಂಗತಿ ಏನಲ್ಲ. ಇಲ್ಲೇ ಭೀಮನಕೋಣೆಯ ಚರಕದ ಹೆಣ್ಣುಮಕ್ಕಳು ಕೈಮಗ್ಗದ ನೂಲಿಗೆ ವರ್ಷಗಟ್ಟಲೆಯಿಂದ ಚೊಗರಿನ ಬಣ್ಣ ಹಾಕುತ್ತಿದ್ದಾರೆ. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಸಂಸ್ಥೆ ಅದು. ದೇಸಿ ಅಂಗಡಿಗಳಲ್ಲಿ ಕಂದುಗೆಂಪು ಜುಬ್ಬಾ ನೋಡಿರುತ್ತೀರಿ, ಆ ಬಣ್ಣವೇ ಇದು.

ಕಳೆದ ಸುಗ್ಗಿಗೆ ನೇಯ್ಗೆ ಕಲಿತ ಹುಡುಗಿಯೊಬ್ಬಳು ಬಂದಿದ್ದಳು. ಓದಿಕೊಂಡೇ ಬಂದಿದ್ದಳು. ಹತ್ತಿ ನೂಲಿಗೆ ಗಿಡಮರದ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಮೊದಲು ಅಣಲೆಕಾಯಿ ನೀರಿನಲ್ಲಿ ನೆನೆಸಿ ಒಗರು ಕುಡಿಸಬೇಕು, ಆಮೇಲೆ ಪಟಿಕ, ಆಮೇಲೆ ಬಣ್ಣ. ಅಡಿಕೆಗೆ ಅಣಲೆಕಾಯಿಯ ಹಂಗಿಲ್ಲ, ಒಗರು ಅದರಲ್ಲೇ ಬೇಕಾದಷ್ಟಿದೆ. ಆ ಒಗರೇ ಟ್ಯಾನಿನ್. ಇದೆಲ್ಲ ಅವಳಿಗೆ ಗೊತ್ತಿತ್ತು. ಹಂಡೆ ಖಾಲಿ ಇರಲಿಲ್ಲ ಅಂತ ಕೊಟ್ಟಿಗೆಯ ಹತ್ತಿರ ಬಿದ್ದಿದ್ದ ಕಬ್ಬಿಣದ ಬಾಣಲೆಯಲ್ಲಿ ಚೊಗರು ಹಾಕಿ, ನೂಲು ಅದ್ದಿ, ಬೆಂಕಿ ಮಾಡಿ ಕೂತಳು. ನೂಲು ಹೊರಗೆ ತೆಗೆದಾಗ ಕೆಂಪು ಇಲ್ಲ. ಮೋಡದ ಬಣ್ಣ, ಕಪ್ಪಿಗೂ ಕಂದಿಗೂ ಮಧ್ಯೆ.

ಅಡಿಕೆ ಬೇಯಿಸಲು ಬರುವ ಅಕ್ಕ ಒಲೆಗೆ ಸೌದೆ ದೂಡುತ್ತಾ ಕತ್ತು ಎತ್ತದೇ ಹೇಳಿದರು, "ಚೊಗರಿಗೆ ಕಬ್ಬಿಣ ಮುಟ್ಟಿಸಬಾರ್ದು ತಂಗಿ, ಕಪ್ಪಾಗ್ತದೆ. ನನ್ ಕೈ ನೋಡು." ಎರಡೂ ಕೈ ಮುಂದೆ ಚಾಚಿದರು. ಹೆಬ್ಬೆರಳು, ತೋರುಬೆರಳಿನ ಉಗುರಿನ ಸುತ್ತ, ಚರ್ಮದ ಗೆರೆಗಳ ಒಳಗೆಲ್ಲ ಕಪ್ಪು ಕೂತಿತ್ತು. ಅಡಿಕೆ ಸುಲಿಯುವವರೆಲ್ಲರ ಕೈ ಸುಗ್ಗಿಯಲ್ಲಿ ಹಾಗೇ ಇರುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ. ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಅದು ಕೊಳೆ ಅಂತಲೇ ಅಂದುಕೊಂಡು ಬೆಳೆದವರು ನಾವೆಲ್ಲ. ಅಡಿಕೆಯ ಒಗರಿಗೆ ಮೆಟ್ಟುಗತ್ತಿಯ ಕಬ್ಬಿಣ ಸೇರಿ ಆಗುವ ಬಣ್ಣ ಅದು! ತುಕ್ಕು ಹಿಡಿದ ಕಬ್ಬಿಣದ ಚೂರನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸಿ ಕಲಂಕಾರಿಯವರು ಕಪ್ಪು ಮಾಡಿಕೊಳ್ಳುವುದೂ ಇದೇ ಗುಟ್ಟಿನಿಂದ.

ಆ ಹುಡುಗಿ ಆಮೇಲೆ ಅರ್ಜಿಯಲ್ಲಿ ಬರೆದದ್ದನ್ನು ಬದಿಗಿಟ್ಟಳು. ಅಕ್ಕನ ಜೊತೆ ಕೂತು ಒಂದೇ ಚೊಗರಿನಲ್ಲಿ ತಾಮ್ರದ ಪಾತ್ರೆ, ಪಟಿಕ, ಕಬ್ಬಿಣ ಬದಲಿಸಿ ಬದಲಿಸಿ ನೂಲಿನ ಲಡಿಗಳನ್ನು ತೆಗೆದಳು. ತಿಳಿ ಗುಲಾಬಿ ಕಂದಿನಿಂದ ಹಿಡಿದು ಮೆಟ್ಟುಗತ್ತಿಯ ಕಪ್ಪಿನವರೆಗೆ ಸಾಲು. ಜಗಲಿಯ ದಬ್ಬೆಗೆ ಇಳಿಬಿಟ್ಟಿದ್ದಳು. ನನಗೆ ಅವಳು ಕೊನೆಗೆ ನೇಯ್ದ ಬಟ್ಟೆಗಿಂತ ಆ ಲಡಿಗಳೇ ಚಂದ ಕಂಡವು, ಹೇಳಿದರೆ ಬೇಜಾರಾಗುತ್ತಾಳೆ ಅಂತ ಆಗ ಹೇಳಿರಲಿಲ್ಲ. ಈಗ ಓದಲಿ.

ಹಾಳೆಯ ಕತೆ ಬೇರೆ. ಹಾಳೆ ಅಂದರೆ ಅಡಿಕೆ ಸೋಗೆಯ ಬುಡ, ಮರವನ್ನು ಸುತ್ತಿಕೊಂಡಿರುತ್ತದಲ್ಲ, ಅದು. ಒಂದು ಮರ ವರ್ಷಕ್ಕೆ 5-6 ಹಾಳೆ ಉದುರಿಸುತ್ತದೆ. ಬೇಸಿಗೆಯಲ್ಲಿ ಬಿದ್ದದ್ದು ಬೆಳ್ಳಗೆ, ಗಟ್ಟಿಯಾಗಿ, ಬಿದ್ದ ದಿನವೇ ಹೆಕ್ಕಿದರೆ ಒಂದು ಕಲೆಯೂ ಇಲ್ಲದೇ ಸಿಗುತ್ತದೆ. ಮಳೆಗಾಲದಲ್ಲಿ ಬಿದ್ದದ್ದು ಎರಡೇ ದಿನಕ್ಕೆ ಬೂಷ್ಟು. ತಟ್ಟೆ ಮಾಡುವವರು ಬೇಸಿಗೆಯಲ್ಲೇ ವರ್ಷಕ್ಕಾಗುವಷ್ಟು ಹಾಳೆ ಒಟ್ಟು ಮಾಡಿ ಒಣಗಿಸಿ ಇಟ್ಟುಕೊಳ್ಳುವುದು ಅದಕ್ಕೇ. ಶಿಲ್ಪ ಮಾಡುವವರು ಮಾತ್ರ ಆಗಸ್ಟ್‌ನಲ್ಲಿ ಬಂದು "ಫ್ರೆಶ್ ಹಾಳೆ ಬೇಕು" ಅನ್ನುತ್ತಾರೆ.

ಬರೋಡಾದಲ್ಲಿ ಕಲಿತ ಒಬ್ಬ ಹುಡುಗ ಫೆಬ್ರವರಿಯಲ್ಲಿ ಬಂದಿದ್ದ. ಇವನ ಅದೃಷ್ಟ, ತಿಂಗಳು ಸರಿಯಾಗಿತ್ತು. ಹಾಳೆಗಳನ್ನು ಒಂದಕ್ಕೊಂದು ಹೊಲಿದು ಆಳೆತ್ತರದ ಒಂದು ಆಕಾರ ನಿಲ್ಲಿಸಬೇಕು ಅಂತ ಇವನ ಆಸೆ. ದಬ್ಬಳ ತಗೊಂಡು ನೇರ ಸಾಲಿನಲ್ಲಿ ಹೊಲಿದ. ಒಣಗುತ್ತಿದ್ದ ಹಾಗೆ ಹೊಲಿಗೆಯ ಸಾಲಿಗೆ ಸರಿಯಾಗಿ ಚರ್ರ್ ಅಂತ ಸೀಳಿತು. ಇನ್ನೊಂದು ಹೊಲಿದ, ಅದೂ ಸೀಳಿತು. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗೌಡರು ಮಜ್ಜಿಗೆ ಕುಡಿಯುತ್ತಾ ನೋಡುತ್ತಾ ಇದ್ದವರು ಲೋಟ ಕೆಳಗಿಟ್ಟು ಬಂದರು. "ತಮಾ, ಹಾಳೆ ನಾರಿನ ಉದ್ದಕ್ಕೇ ತೂತು ಹೊಡೆದ್ರೆ ನಿಲ್ತದೇನೋ? ಸೀಳು ಅಂತ ನೀನೇ ದಾರಿ ತೋರ್ಸಿದಂಗಾತು." ಒಂದು ಹಾಳೆಯನ್ನು ನೀರಿನ ತೊಟ್ಟಿಗೆ ಹಾಕಿ ನೆನೆಯಲು ಬಿಟ್ಟರು. ಮಜ್ಜಿಗೆ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಬಂದು ಅದನ್ನು ಎತ್ತಿದರು. ಹಾಳೆ ಚಕ್ಕಳದ ಹಾಗೆ ಬಗ್ಗುತ್ತಿತ್ತು. ಎರಡೂ ತುದಿಯನ್ನು ನೆರಿಗೆ ಹಿಡಿದ ಹಾಗೆ ಒಳಗೆ ಮಡಿಚಿ, ನೆರಿಗೆಯ ಮೂರು ಪದರ ಸೇರುವ ಕಡೆ ಬಿದಿರಿನ ಕಡ್ಡಿಯನ್ನು ನಾರಿಗೆ ಅಡ್ಡಲಾಗಿ ಚುಚ್ಚಿ ಈ ಕಡೆಯಿಂದ ಆ ಕಡೆಗೆ ತೆಗೆದರು. ದಾರ ಇಲ್ಲ, ಗಂಟಿಲ್ಲ. ಹಾಳೆ ಒಣಗಿ ಬಿಗಿದ ಮೇಲೆ ಆ ಕಡ್ಡಿಯನ್ನು ನಾನು ಕೈಯಲ್ಲಿ ಎಳೆದು ನೋಡಿದೆ, ಬರಲಿಲ್ಲ. ನೀರು ಸೇದಲು, ತೋಟದಲ್ಲಿ ತರಕಾರಿ ಹಾಕಿಕೊಳ್ಳಲು ಹಿಂದಿನವರು ಕೊಟ್ಟೆ ಕಟ್ಟುತ್ತಿದ್ದುದು ಹೀಗೇ.

ಹುಡುಗನ ಶಿಲ್ಪ ಕಡ್ಡಿಯಲ್ಲೇ ನಿಂತಿತು. ಅಂಗಳದಲ್ಲಿ ಚೆನ್ನಾಗಿಯೂ ಕಾಣುತ್ತಿತ್ತು. ಒಂದು ಬೆಳಿಗ್ಗೆ ಕೊಟ್ಟಿಗೆಯ ಹಗ್ಗ ಬಿಚ್ಚಿಕೊಂಡ ನಮ್ಮ ಗಬ್ಬದ ಹಸು ಕೆಳಗಿನ ಅರ್ಧವನ್ನು ತಿಂದು ಮುಗಿಸಿತ್ತು. ಹಾಳೆ ಇಲ್ಲಿ ದನಕ್ಕೆ ಮೇವು, ಅದಕ್ಕೇನು ಗೊತ್ತು ಪಾಪ. ಹುಡುಗ ಒಂದು ಗಳಿಗೆ ಸುಮ್ಮನೆ ನಿಂತಿದ್ದ, ಆಮೇಲೆ ಫೋಟೋ ತೆಗೆದ. ಈಗ ಅವನ ಪ್ರದರ್ಶನಗಳಲ್ಲಿ ಆ ಫೋಟೋವೇ ಇರುತ್ತದಂತೆ, ಹಸು ಸಮೇತ.

ಹಾಳೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದ ಮೇಲೆ ಹಾಳೆ ತಟ್ಟೆಯ ಬೇಡಿಕೆ ಏರಿತು, ನಮ್ಮ ಕಡೆಯ ಎಷ್ಟೋ ಹುಡುಗರು ಸಾಲ ಮಾಡಿ ಮಷಿನ್ ಹಾಕಿದರು. 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಅಡಿಕೆಯಲ್ಲಿರುವ ಅಂಶಗಳು ಊಟಕ್ಕೆ ಇಳಿಯಬಹುದು ಅಂತ ಹೇಳಿ ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಊಟಕ್ಕೆ ಬಳಸಬಾರದು ಅಂದಿತು. ನಮ್ಮ ಪಕ್ಕದ ಊರಿನ ತಟ್ಟೆ ಘಟಕದವರು ಒಟ್ಟಿದ ಹಾಳೆಯ ರಾಶಿ ಹಾಗೇ ಕೂತಿದೆ. "ನಿಮ್ಮ ಚಿತ್ರದವರಿಗೆ ಬೇಕಾದರೆ ತಗೊಂಡು ಹೋಗ್ಲಿ ಅಕ್ಕಾ" ಅಂದರು. ಬೇಕು, ತಗೊಳ್ಳುತ್ತೇವೆ. ಆದರೆ ಇಬ್ಬರು ಕಲಾವಿದರು ವರ್ಷವಿಡೀ ಕೂತರೂ ಆ ರಾಶಿಯ ಒಂದು ಮೂಲೆ ಮುಗಿಯುವುದಿಲ್ಲ. ಕಲೆಯಿಂದ ಹಳ್ಳಿಯ ಆರ್ಥಿಕತೆ ಉದ್ಧಾರ ಅಂತೆಲ್ಲ ವರದಿಯಲ್ಲಿ ಬರೆಯುತ್ತಾರಲ್ಲ, ಅಂಥವರು ಒಮ್ಮೆ ಬಂದು ಈ ರಾಶಿಯ ಮುಂದೆ ನಿಂತುಕೊಳ್ಳಬೇಕು.

ಬಾಳೆ ನಾರು ಸುಲಭ, ವರ್ಷವಿಡೀ ಸಿಗುತ್ತದೆ. ಬಾಳೆ ಒಂದು ಸಲ ಗೊನೆ ಬಿಟ್ಟರೆ ಮುಗಿಯಿತು, ಹೇಗೂ ಕಡಿಯಬೇಕು. ಪಟ್ಟೆ ಸುಲಿದು, ಹಲಗೆಯ ಮೇಲೆ ಹರವಿ, ಮೊಂಡು ಕತ್ತಿಯಲ್ಲಿ ತಿರುಳು ಹೆರೆದರೆ ನಾರು. ಹಳೇ ಬಟ್ಟೆ ಹಾಕಿಕೊಂಡು ಕೂರಿ ಅಷ್ಟೇ. ಬಾಳೆಯ ಸೊನೆ ತಾಗಿದರೆ ಆ ಕಲೆ ಬಟ್ಟೆಯ ಜೊತೆಗೇ ಹೋಗಬೇಕು.

ಬಿದಿರಿಗೆ ಬರುವವರಿಗೆ: ಮಳೆಗಾಲದ ಎಳೆ ಬಿದಿರು ಕಡಿಯಲು ಕೇಳಬೇಡಿ, ನಾವು ಕಡಿಯುವುದಿಲ್ಲ. ಹಿಟ್ಟಿನಂಶ ಜಾಸ್ತಿ ಇರುತ್ತದೆ, ಹುಳ ಬೀಳುತ್ತದೆ. ಛಳಿಗಾಲದಲ್ಲಿ ಬಲಿತದ್ದನ್ನು ಕಡಿದು ಹಳ್ಳದ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟು ತೆಗೆದದ್ದು ಇರುತ್ತದೆ, ಅದನ್ನು ಬಳಸಿ. ಅಮಾವಾಸ್ಯೆ ಹತ್ತಿರ ಕಡಿಯಬೇಕು ಅಂತಲೂ ಹೇಳುತ್ತಾರೆ. ನಮ್ಮ ಮಾವ ಅದನ್ನು ತಪ್ಪದೇ ಪಾಲಿಸುತ್ತಾರೆ, ನಾನು ವಾದ ಮಾಡಲು ಹೋಗಿಲ್ಲ.

ನನ್ನನ್ನು ಕೇಳಿದರೆ ಬರಲು ಒಳ್ಳೆಯ ಹೊತ್ತು ನವರಾತ್ರಿಯ ಆಸುಪಾಸು. ಯಾಕೆಂದರೆ ಭೂಮಿ ಹುಣ್ಣಿಮೆ. ಆಶ್ವೀಜದ ಹುಣ್ಣಿಮೆಗೆ ಇಲ್ಲಿನ ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿ ಚಿತ್ತಾರ ಆಗುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುತ್ತಾರೆ. ಹುಣ್ಣಿಮೆಯ ದಿನ ಭೂಮಿತಾಯಿಗೆ ಬಡಿಸುವ ಅಡುಗೆ ಅದೇ ಬುಟ್ಟಿಯಲ್ಲಿ ಗದ್ದೆಗೆ ಹೋಗುತ್ತದೆ. ಗದ್ದೆಯಲ್ಲಿ ಆಗ ಭತ್ತ ಹೊಡೆ, ತೆನೆ ಇನ್ನೂ ಒಳಗೇ ಇರುವ ಹೊತ್ತು, ಅಂದರೆ ಭೂಮಿ ಬಸುರಿ. ಮದುವೆ ಮನೆಯ ಗೋಡೆಯ ಹಸೆ ಚಿತ್ತಾರ ಬರೆಯುವುದೂ ಇದೇ ಕೈಗಳು. ಕೆಂಪು ಕೆಮ್ಮಣ್ಣಿನಿಂದ, ಬಿಳಿ ಅಕ್ಕಿಯಿಂದ, ಕಪ್ಪು ಹುರಿದು ಸುಟ್ಟ ಅಕ್ಕಿಯಿಂದ, ಹಳದಿ ಗುರಿಗೆ ಕಾಯಿಯಿಂದ. ಕುಂಚ ಪುಂಡಿ ನಾರಿನದು. ಎಲ್ಲಾ ಹಿತ್ತಲಿನದ್ದೇ.

ಒಬ್ಬ ಚಿತ್ರ ಬರೆಯುವಾಕೆ ದುಬಾರಿ ಬ್ರಷ್‌ಗಳ ಕಟ್ಟು ತಂದಿದ್ದಳು. ನಮ್ಮೂರಿನ ಅಜ್ಜಿಯೊಬ್ಬರ ಪಕ್ಕ ಕೂತು ಅದರಲ್ಲೇ ಗೆರೆ ಎಳೆಯಲು ನೋಡಿದಳು. ಅಕ್ಕಿಹಿಟ್ಟು ತೊಟ್ಟಿಕ್ಕಿತು, ಒರಟು ಮಣ್ಣಿನ ಮೇಲೆ ಬ್ರಷ್ಷಿನ ಕೂದಲು ಅಡ್ಡಾದಿಡ್ಡಿ ಹೋಯಿತು. ಅಜ್ಜಿ ಪುಂಡಿ ನಾರಿನ ತುದಿ ಜಜ್ಜಿ ಕೊಟ್ಟರು. ಆ ನಾರು ಹಿಟ್ಟನ್ನು ಜಾಸ್ತಿ ಕುಡಿಯುವುದಿಲ್ಲ, ಬೇಕಾದಷ್ಟನ್ನೇ ಬಿಡುತ್ತದೆ. ಅಜ್ಜಿಯ ಗೆರೆಗೆ ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ, ಆದರೂ ಒಂದರ ಪಕ್ಕ ಒಂದು ಅಷ್ಟೇ ಅಂತರದಲ್ಲಿ ಹೋಗುತ್ತಿತ್ತು, ಬಾಯಲ್ಲಿ ಮೊಮ್ಮಗನ ಹೆಂಡತಿಯ ದೂರು ನಡೆದೇ ಇತ್ತು.

ಈಗ ದುಡ್ಡಿನ ಮಾತು. ಇದನ್ನು ಬರೆಯಲು ಕೂತದ್ದು ಅದಕ್ಕೂ ಹೌದು.

ಬರುವ ಕಲಾವಿದರಿಗೆ ಅನುದಾನ ಕೊಡುವ ಸಂಸ್ಥೆಗಳ ಫಾರ್ಮಿನಲ್ಲಿ ಪ್ರಯಾಣ, ಸಾಮಗ್ರಿ, ಫೋಟೋ ತೆಗೆಯುವವರು, ಪುಸ್ತಿಕೆ ಅಚ್ಚು ಹಾಕಿಸುವುದು, ಎಲ್ಲಕ್ಕೂ ಕಾಲಂ ಇದೆ. ಕಬ್ಬಿಣ ಮುಟ್ಟಿಸಬೇಡ ಅಂದ ಅಕ್ಕನಿಗೆ, ಕಡ್ಡಿ ಚುಚ್ಚಿ ತೋರಿಸಿದ ಕೊನೆಗೌಡರಿಗೆ, ನಾರು ಜಜ್ಜಿಕೊಟ್ಟ ಅಜ್ಜಿಗೆ ಕಾಲಂ ಇಲ್ಲ. ಒಂದು ಸಂಸ್ಥೆಗೆ ನಾನೇ ಬರೆದು ಕೇಳಿದೆ. "ಸ್ಥಳೀಯ ಸಮುದಾಯದ ಸಹಭಾಗಿತ್ವ" ಅಂತ ಒಂದು ಪ್ಯಾರಾ ಸೇರಿಸಿ ಅಂತ ಉತ್ತರ ಬಂತು. ಪ್ಯಾರಾ ಇಟ್ಟುಕೊಂಡು ಅಜ್ಜಿ ಏನು ಮಾಡುತ್ತಾರೆ? ಸುಗ್ಗಿಯಲ್ಲಿ ಒಂದು ದಿನ ಕೊನೆಗೌಡರು ಮರ ಹತ್ತದೇ ಕೂತರೆ ಅವರಿಗೆ ಎಷ್ಟು ನಷ್ಟ ಅಂತ ಅಡಿಕೆ ಬೆಳೆಯುವವರನ್ನು ಕೇಳಿ, ಕೊನೆಗೌಡರು ಸಿಗದೇ ಕೆಳಗೆ ನಿಂತೇ ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಕೊಂಡವರು ಹೇಳುತ್ತಾರೆ.

ಕರಕುಶಲ ಅಂದರೆ ಒಂದು ಮೆಟ್ಟಿಲು ಕೆಳಗೆ, ಕಲೆ ಅಂದರೆ ಮೇಲೆ ಅನ್ನುವ ಲೆಕ್ಕ ಇನ್ನೂ ಹೋಗಿಲ್ಲ, ಅದೇ ಇದಕ್ಕೆಲ್ಲ ಮೂಲ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಮದ್ರಾಸಿನ ಹೊರಗೆ ಚೋಳಮಂಡಲ ಕಲಾಗ್ರಾಮ ಕಟ್ಟಿದ್ದು ಹೇಗೆ ಅಂತ ನೋಡಿ. ಚಿತ್ರ ಮಾರಿ ಬದುಕಲು ಆಗುವುದಿಲ್ಲ ಅಂತ ಗೊತ್ತಿತ್ತು. ಬಾಟಿಕ್ ಬಟ್ಟೆ ಮತ್ತು ಇತರ ಕೈಕೆಲಸ ಮಾಡಿ ಮಾರಿ, ಆ ದುಡ್ಡಿನಲ್ಲಿ ಹೊಟ್ಟೆ ಹೊರೆದು ಚಿತ್ರ ಬರೆದರು. ಕುಶಲ ಕೆಲಸ ಕಲೆಗೆ ಅನ್ನ ಹಾಕಿತ್ತು ಅಲ್ಲಿ. ಮಧ್ಯಪ್ರದೇಶದ ಪಾರಡ್‌ಸಿಂಗಾದಲ್ಲಿ ಗ್ರಾಮ್ ಆರ್ಟ್ ಪ್ರಾಜೆಕ್ಟ್‌ನವರದ್ದು ಇನ್ನೊಂದು ದಾರಿ, ಊರಿನ ಹೆಂಗಸರ ಜೊತೆ ಬೀಜ ಇಟ್ಟ ಹತ್ತಿ ರಾಖಿ ಮಾಡಿ ಮಾರುತ್ತಾರೆ. ಅದು ನನಗೆ ಹೆಚ್ಚು ಇಷ್ಟ. ಅಲ್ಲಿ ಕೆಲಸ ಮಾಡಿದ ಕೈಗೆ ದುಡ್ಡು ಬರುತ್ತದೆ.

ಹಾಗಾಗಿ ಈ ವರ್ಷದಿಂದ ನಮ್ಮಲ್ಲಿ ಹೀಗೆ. ಬರುವವರು ಅನುದಾನದ ಫಾರ್ಮು ತುಂಬುವ ಮೊದಲೇ ನನ್ನ ಹತ್ತಿರ ಮಾತಾಡಿ. ಕಲಿಸುವವರ ದಿನಗೂಲಿ, ಆ ದಿನ ಸುಗ್ಗಿಯಲ್ಲಿ ನಡೆಯುವ ರೇಟಿಗಿಂತ ಕಡಿಮೆ ಇರಬಾರದು, ಸಾಮಗ್ರಿಯ ಕಾಲಂನಲ್ಲಾದರೂ ಸೇರಿಸಿ. ಪ್ರದರ್ಶನದ ಬೋರ್ಡಿನಲ್ಲಿ ಅವರ ಹೆಸರು ಬರಬೇಕು, ಅವರು ಬೇಡ ಅಂದರೆ ಬೇಡ. ಅಜ್ಜಿ ಬೇಡ ಅಂದಿದ್ದಾರೆ, ದುಡ್ಡು ಮಾತ್ರ ಬೇಕಂತೆ. ಅವರ ಚಿತ್ತಾರವನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ ಟೀ ಶರ್ಟಿನ ಮೇಲೆ ಹಾಕಿಸುವ ಯೋಚನೆ ಇದ್ದರೆ ದಯವಿಟ್ಟು ಬರಲೇಬೇಡಿ.

ಚೊಗರು ಬೇಕಾದವರು ನವೆಂಬರ್‌ನಿಂದ ಜನವರಿ ಒಳಗೆ. ಹಾಳೆಗೆ ಫೆಬ್ರವರಿಯಿಂದ ಏಪ್ರಿಲ್. ಚಿತ್ತಾರ ನೋಡಬೇಕಾದವರು ಪಂಚಾಂಗ ನೋಡಿ ಆಶ್ವೀಜಕ್ಕೆ. ಮಳೆಗಾಲದಲ್ಲಿ ಬರಲೇಬೇಕು ಅನ್ನುವವರು ಬನ್ನಿ, ಬಾಳೆ ನಾರು ಹೆರೆಯಬಹುದು, ಔಷಧಿ ಹೊಡೆಯುವುದು ನೋಡಬಹುದು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಆ ಬೋರ್ಡೋ ದ್ರಾವಣದ ನೀಲಿ ಇದೆಯಲ್ಲ, ಅದನ್ನು ನೋಡಿ ಇಬ್ಬರು ಚಿತ್ರಗಾರರು ಹುಚ್ಚಾಗಿದ್ದರು. ಬಟ್ಟೆಗೆ ಹಾಕಲು ಮಾತ್ರ ಬಿಡುವುದಿಲ್ಲ, ಅಡಿಕೆಯ ಕೊಳೆರೋಗಕ್ಕೇ ಸಾಲುತ್ತಿಲ್ಲ. ಉಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣ, ತಂಬಾಕು ಇಲ್ಲೇ ಕೊಡುತ್ತೇವೆ, ಉದ್ದ ಕಾಲುಚೀಲ ನೀವೇ ತನ್ನಿ.